ಮಾಯದ ಬಾಯಿಹುಣ್ಣಿಗೆ ಯಾರ ಬಳಿ ಹೋಗಬೇಕು? ಗಡಿಯಾಚೆಯ ದಂತ ಕಾಲೇಜೊಂದರ ಅನುಭವ

ಹಲ್ಲು ನೋವಿಗೆ ಹಲ್ಲಿನ ವೈದ್ಯರು, ಮೈಮೇಲಿನ ಕಜ್ಜಿಗೆ ಚರ್ಮದ ವೈದ್ಯರು, ಗಂಟಲಿಗೆ ಕಿವಿ-ಮೂಗು-ಗಂಟಲಿನ ವೈದ್ಯರು. ಕೆನ್ನೆಯ ಒಳಗೆ, ಅಂಗುಳದ ಮೇಲೆ, ನಾಲಿಗೆಯ ಅಡಿಯಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣಿಗೆ ಯಾರು? ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಹುಡುಕಿಕೊಂಡು ಹೋದವರಲ್ಲಿ ನಾವೂ ಒಬ್ಬರು. ಆದ್ದರಿಂದಲೇ ಈ ವಿಮರ್ಶೆ.

ದಂತ ಕಾಲೇಜುಗಳಲ್ಲಿ 'ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ' ಎಂಬ ವಿಭಾಗ ಇರುತ್ತದೆ. ಹಲ್ಲು ಕೀಳಿಸಲು ಹೋದವರೂ ಮೊದಲು ದಾಟುವುದು ಅದನ್ನೇ. ಅಲ್ಲಿ ಬಾಯಿ ನೋಡಿ, ಎಕ್ಸ್‌ರೇ ಬರೆದು, ಯಾವ ಕೋಣೆಗೆ ಹೋಗಬೇಕೆಂದು ಚೀಟಿ ಕೊಡುತ್ತಾರೆ. ಹಾಗಾಗಿ ಜನ ಅದನ್ನು ಚೀಟಿ ಬರೆಯುವ ಕೋಣೆ ಎಂದೇ ತಿಳಿದಿದ್ದಾರೆ. ಬಾಯಿಯ ಒಳಚರ್ಮ, ನಾಲಿಗೆ, ಜೊಲ್ಲಿನ ಗ್ರಂಥಿ, ದವಡೆಯ ಕೀಲು, ಮುಖದ ನರದ ನೋವು ಇವೆಲ್ಲದರ ವೈದ್ಯಕೀಯ ಚಿಕಿತ್ಸೆ ಆ ವಿಭಾಗದ ಕೆಲಸ. ಬಿ.ಡಿ.ಎಸ್. ಮುಗಿಸಿ ಮತ್ತೆ ಮೂರು ವರ್ಷ ಇದನ್ನೇ ಎಂ.ಡಿ.ಎಸ್. ಓದಿದವರು ಅಲ್ಲಿರುತ್ತಾರೆ. ಅವರ ಜೊತೆಗೆ 'ಓರಲ್ ಪೆಥಾಲಜಿ' ವಿಭಾಗ; ಬಾಯಿಯಿಂದ, ದವಡೆಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವವರು ಅವರು. ಈ ಎರಡು ವಿಭಾಗಗಳು ಒಂದೇ ಕಟ್ಟಡದಲ್ಲಿ ಇರುವುದರ ಬೆಲೆ ನನಗೆ ಅರ್ಥವಾದದ್ದು ಅತ್ತೆಯವರ ಕಾಯಿಲೆಯಲ್ಲಿ.

ನಾವು ಹೋದದ್ದು ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ, ಮಂಗಳೂರಿನ ಕಡೆಯ ಒಂದು ದಂತ ಕಾಲೇಜಿಗೆ. ಹೆಸರು ಬರೆಯುತ್ತಿಲ್ಲ. ಕುಂದುಗಳನ್ನೂ ಹೇಳಲಿದ್ದೇನೆ ಎಂಬುದು ಒಂದು ಕಾರಣ. ಈ ಸೇವೆ ಒಂದೇ ಕಾಲೇಜಿನ ಸೊತ್ತಲ್ಲ ಎಂಬುದು ಇನ್ನೊಂದು. ಕಾಸರಗೋಡು ಜಿಲ್ಲೆಯೊಳಗೂ ದಂತ ಕಾಲೇಜು ಇದೆ. ವಿಭಾಗದ ಹೆಸರು ನೆನಪಿಟ್ಟುಕೊಂಡರೆ ಸಾಕು.

ಅತ್ತೆಯವರಿಗೆ ಐವತ್ತೆಂಟು ವರ್ಷ. ತೋಟ, ಹಟ್ಟಿ, ಅಡುಗೆಮನೆ ಮೂರನ್ನೂ ನಡೆಸುವ ಗಟ್ಟಿ ಹೆಂಗಸು. ಮೊದಲು ಕೆನ್ನೆಯ ಒಳಗೆ ಒಂದು ಕಡೆ ಸಿಪ್ಪೆ ಸುಲಿದಂತಾಗಿ ಉರಿ ಶುರುವಾಯಿತು. ಉಷ್ಣ ಎಂದುಕೊಂಡು ಒಂದೆಲಗದ ತಂಬುಳಿ, ಪುನರ್ಪುಳಿ ಸಾರು, ಮೆಂತೆ ನೆನೆಸಿದ ನೀರು ನಡೆದವು. ಆಮೇಲೆ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್. ಹುಣ್ಣು ಅಂಗುಳಕ್ಕೆ ಹೋಯಿತು, ವಸಡಿಗೆ ಬಂತು. ಬೆಳಿಗ್ಗೆ ಎದ್ದರೆ ತುಟಿಗೆ ರಕ್ತ ಅಂಟಿರುತ್ತಿತ್ತು. ಗಂಜಿಗೆ ಉಪ್ಪು ಹಾಕುವುದನ್ನೂ ಬಿಟ್ಟರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಮೊನೆ ತಾಗುತ್ತಿದೆ ಎಂದು ಎರಡು ಹಲ್ಲುಗಳನ್ನು ಉಜ್ಜಿ ನಯ ಮಾಡಿದರು. ಇನ್ನೊಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಇರಬಹುದೆಂದು ಹೆದರಿಸಿ, ಹುಣ್ಣಿನ ನಡುವಿನಿಂದಲೇ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ ಕ್ಯಾನ್ಸರ್ ಇಲ್ಲ, ಸಾಮಾನ್ಯ ಹುಣ್ಣು ಎಂದಿತ್ತು. ಸಮಾಧಾನವೇನೋ ಆಯಿತು, ಆದರೆ ಅತ್ತೆಯವರ ತೂಕ ಇಳಿಯುತ್ತಲೇ ಇತ್ತು. ಆ ವರದಿ ಏಕೆ ಏನನ್ನೂ ಹೇಳಲಿಲ್ಲ ಎಂಬುದು ತಿಳಿದದ್ದು ದಂತ ಕಾಲೇಜಿನಲ್ಲಿ.

ಅಲ್ಲಿ ಮೊದಲು ನೋಡಿದವರು ಸ್ನಾತಕೋತ್ತರ ವಿದ್ಯಾರ್ಥಿನಿ. ಆಕೆ ಬಾಯಿ ತೆರೆಯಲು ಹೇಳುವ ಮೊದಲು ಕುಳಿತು ಕೇಳಿದರು: ಹುಣ್ಣು ಬಂದು ಹೋಗುತ್ತದೆಯೇ, ಬಂದದ್ದು ಹಾಗೆಯೇ ನಿಲ್ಲುತ್ತದೆಯೇ? ಮೊದಲು ನೀರುಗುಳ್ಳೆ ಕಂಡಿದ್ದೀರಾ? ಕಣ್ಣು ಕೆಂಪಾಗುತ್ತದೆಯೇ? ತಲೆಯಲ್ಲಿ, ಹೊಕ್ಕುಳಲ್ಲಿ, ಎದೆಯ ಮೇಲೆ ಕಜ್ಜಿ ಇದೆಯೇ? ನುಂಗುವಾಗ ಗಂಟಲೊಳಗೂ ನೋವೇ? ಯಾವ ಯಾವ ಮಾತ್ರೆ? ಎಲೆಯಡಿಕೆ ಹಾಕುತ್ತೀರಾ, ಹೊಗೆಸೊಪ್ಪಿನೊಂದಿಗೆಯೋ ಬರಿದೆಯೋ? ಇಷ್ಟು ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೊಕ್ಕುಳ ಬಳಿ ಒಣಗಿದ ಹುಣ್ಣೊಂದು ಇತ್ತು! ಸೀರೆಯ ಗಂಟು ಉಜ್ಜಿ ಆದದ್ದೆಂದು ಅತ್ತೆಯವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಬಳಿಕ ಪ್ರಾಧ್ಯಾಪಕರು ಬಂದರು. ಹುಣ್ಣಿಲ್ಲದ ವಸಡಿನ ಭಾಗವನ್ನು ಮೆಲ್ಲನೆ ಒತ್ತಿ ಸರಿಸಿ ನೋಡಿದರು; ಮೇಲ್ಪದರ ಜಾರಿ ಬಂತು. ಇದಕ್ಕೆ ನಿಕೋಲ್ಸ್ಕಿ ಲಕ್ಷಣ ಎಂದು ಹೆಸರು, 19ನೇ ಶತಮಾನದ ಕೊನೆಯಲ್ಲಿ ರಷ್ಯದ ಚರ್ಮವೈದ್ಯರೊಬ್ಬರು ಗುರುತಿಸಿದ್ದು. ಅದೇ ದಿನ ಹುಣ್ಣಿನ ತಳವನ್ನು ಕೆರೆದು ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ ನೋಡಿದರು. ಒಂದಕ್ಕೊಂದು ಅಂಟಿಕೊಂಡು ಚಪ್ಪಟೆಯಾಗಿ ಇರಬೇಕಾದ ಕೋಶಗಳು ಬಿಡಿಬಿಡಿಯಾಗಿ, ದುಂಡಗೆ ಕಂಡವು. "ಅನುಮಾನ ಬಂದಿದೆ ಅಮ್ಮಾ, ಆದರೆ ಅನುಮಾನಕ್ಕೆ ನಾನು ಔಷಧ ಬರೆಯುವುದಿಲ್ಲ. ಮತ್ತೊಮ್ಮೆ ತುಣುಕು ತೆಗೆಯಬೇಕು" ಎಂದರು. ಈ ಒಂದು ಮಾತಿಗಾಗಿ ನಾನು ಆ ವಿಭಾಗಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅದುವರೆಗೆ ಎಲ್ಲರೂ ಮೊದಲ ನೋಟಕ್ಕೇ ಔಷಧ ಬರೆದಿದ್ದರು.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಗಡಿಯೊಳಗಿನ ಕನ್ನಡಿಗರಿಗೆ ಇದು ಸಣ್ಣ ಸಂಗತಿ, ನಮಗಲ್ಲ. ಕಾಸರಗೋಡಿನಲ್ಲಿ ಮಲಯಾಳದ ಅರ್ಜಿಗೆ ಮಗನೋ ಸೊಸೆಯೋ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ ಅಭ್ಯಾಸವಾಗಿದ್ದ ಅತ್ತೆಯವರು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಓದಿದರು. ಓದಿ, ಪೆನ್ನು ಕೆಳಗಿಟ್ಟು, "ಕೊಯ್ದರೆ ರೋಗ ಹರಡುವುದಿಲ್ಲವೇ?" ಎಂದು ನೇರವಾಗಿ ಕೇಳಿದರು. ನಮ್ಮ ಊರಿನಲ್ಲಿ ಎಷ್ಟೋ ಮಂದಿ ಬಯಾಪ್ಸಿಗೆ ಒಪ್ಪದಿರುವುದು ಈ ಹೆದರಿಕೆಯಿಂದಲೇ. ಪ್ರಾಧ್ಯಾಪಕರು ಗದರಲಿಲ್ಲ. ತುಣುಕು ತೆಗೆಯುವುದರಿಂದ ಈ ರೋಗ ಹರಡುವುದಿಲ್ಲ, ತೆಗೆಯದಿದ್ದರೆ ಯಾವ ರೋಗಕ್ಕೆ ಯಾವ ಮದ್ದೆಂದು ತಿಳಿಯದೆ ನಿಮ್ಮ ಬಾಯಿ ಹೀಗೆಯೇ ಇರುತ್ತದೆ ಎಂದರು. ಅತ್ತೆಯವರು ಸಹಿ ಹಾಕಿದರು.

ಈಗ ಆ ಹಳೆಯ ವರದಿಯ ವಿಷಯ. ಹುಣ್ಣಿನ ನಡುಭಾಗದಲ್ಲಿ ಮೇಲ್ಪದರವೇ ಇರುವುದಿಲ್ಲ, ಅದು ಕಳಚಿ ಹೋಗಿಯೇ ಹುಣ್ಣಾಗಿರುತ್ತದೆ. ಇಂಥ ರೋಗಗಳಲ್ಲಿ ಮೇಲ್ಪದರ ಎಲ್ಲಿ ಬಿಟ್ಟುಕೊಂಡಿದೆ ಎಂಬುದೇ ರೋಗದ ಗುರುತು. ಆದ್ದರಿಂದ ಅಂಚಿನಿಂದ, ಪಕ್ಕದ ಚೆನ್ನಾಗಿರುವ ಭಾಗವೂ ಸೇರುವಂತೆ ತುಣುಕು ತೆಗೆಯಬೇಕು. ಅದೂ ಎರಡು ತುಣುಕು. ಒಂದು ಫಾರ್ಮಲಿನ್‌ನಲ್ಲಿ, ಸಾಮಾನ್ಯ ಪರೀಕ್ಷೆಗೆ. ಹುಣ್ಣಿನ ಪಕ್ಕದ ಚರ್ಮದಿಂದ ತೆಗೆದ ಇನ್ನೊಂದನ್ನು ಮೈಕೆಲ್ ದ್ರಾವಣ ಎಂಬ ಬೇರೆಯೇ ದ್ರವದಲ್ಲಿ ಇಡಬೇಕು. ಅದು ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್ ಎಂಬ, ಹೊಳೆಯುವ ಬಣ್ಣದಿಂದ ರೋಗದ ಗುರುತು ಹುಡುಕುವ ಪರೀಕ್ಷೆಗೆ. ಫಾರ್ಮಲಿನ್‌ಗೆ ಹಾಕಿದರೆ ಆ ಪರೀಕ್ಷೆ ಕೆಡುತ್ತದೆ. ಎರಡು ಶೀಶೆಗಳನ್ನೂ ನನ್ನ ಕಣ್ಣೆದುರೇ ಹೆಸರು ಬರೆದು ಮುಚ್ಚಿದರು. ಹಿಂದಿನ ಆಸ್ಪತ್ರೆಯವರು ಸುಳ್ಳು ವರದಿ ಕೊಟ್ಟಿರಲಿಲ್ಲ. ಉತ್ತರ ಇಲ್ಲದ ಜಾಗದಿಂದ ತುಣುಕು ತೆಗೆದಿದ್ದರು, ಅಷ್ಟೇ. ಆದರೆ ಆ 'ಅಷ್ಟೇ'ಗೆ ಅತ್ತೆಯವರು ತೆತ್ತ ನೋವನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊಯ್ಯುವ ಕೆಲಸ ಬೇಗ ಮುಗಿಯಿತು. ಮರಗಟ್ಟಿಸುವ ಚುಚ್ಚುಮದ್ದು, ಒಂದೆರಡು ಹೊಲಿಗೆ, ಸಂಜೆಗೆ ತಣ್ಣನೆಯ ಗಂಜಿ.

ವರದಿ ಬಂದಾಗ ರೋಗಕ್ಕೆ ಹೆಸರಾಯಿತು: ಪೆಂಫಿಗಸ್ ವಲ್ಗಾರಿಸ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿ ಬೀಳುವ ಅಪರೂಪದ ಕಾಯಿಲೆ. ಕೋಶವನ್ನು ಕೋಶಕ್ಕೆ ಅಂಟಿಸುವ ಡೆಸ್ಮೋಗ್ಲೈನ್ ಎಂಬ ಪ್ರೋಟೀನ್ ಇದೆ. ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಅದನ್ನೇ ಹಿಡಿದು ಕೆಡಿಸುತ್ತವೆ. ಪ್ರಾಧ್ಯಾಪಕರು ಅತ್ತೆಯವರಿಗೆ ಹೇಳಿದ ರೀತಿ ಇದು: "ಮುರಕಲ್ಲಿನ ಗೋಡೆಯಲ್ಲಿ ಕಲ್ಲು ಗಟ್ಟಿ ಇದೆ, ನಡುವಿನ ಗಾರೆ ಕರಗಿದೆ. ಕೈ ಇಟ್ಟರೆ ಕಲ್ಲು ಕಳಚುತ್ತದೆ." ಆ ಎರಡನೆಯ ತುಣುಕಿನಲ್ಲಿ, ಕೋಶಗಳ ನಡುನಡುವೆ ಪ್ರತಿಕಾಯಗಳು ಹಸಿರು ಗೆರೆಗಳಾಗಿ ಹೊಳೆಯುತ್ತಿದ್ದುದನ್ನು ಕಂಪ್ಯೂಟರಿನಲ್ಲಿ ನನಗೂ ತೋರಿಸಿದರು. ಅಷ್ಟು ತಿಂಗಳು ಹುಣ್ಣು, ಉಷ್ಣ, ಅಲರ್ಜಿ ಎಂದು ಕರೆಸಿಕೊಂಡದ್ದು ಅಲ್ಲಿ ಕಣ್ಣಿಗೆ ಕಾಣುವಂತೆ ಕೂತಿತ್ತು.

ಈ ರೋಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಬಾಯಿಯಲ್ಲೇ ಶುರುವಾಗುತ್ತದೆ. ಮೈಮೇಲೆ ಗುಳ್ಳೆ ಏಳುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಬಾಯಿಯೊಳಗಿನ ಗುಳ್ಳೆಯ ಮುಚ್ಚಳ ತೆಳ್ಳಗಿರುವುದರಿಂದ ಏಳುತ್ತಲೇ ಒಡೆದುಹೋಗುತ್ತದೆ, ಗುಳ್ಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ಮೊದಲು ಗುರುತಿಸಬೇಕಾದವರು ಬಾಯಿ ನೋಡುವವರೇ. ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುವ ಬೇರೆ ರೋಗಗಳೂ ಇವೆ. ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್‌ನಲ್ಲಿ ಮೇಲ್ಪದರ ಪೂರ್ತಿಯಾಗಿ ಬುಡದಿಂದಲೇ ಬಿಡುತ್ತದೆ, ಕಣ್ಣಿನಲ್ಲಿ ಕಲೆಗಟ್ಟಿ ದೃಷ್ಟಿಗೂ ಅಪಾಯ ತರಬಹುದು. ಲೈಕೆನ್ ಪ್ಲೇನಸ್‌ನಲ್ಲಿ ಹುಣ್ಣಿನ ಸುತ್ತ ಬಿಳಿಯ ಗೆರೆಗಳ ಜಾಲ ಇರುತ್ತದೆ. ಒಂದೊಂದಕ್ಕೂ ಚಿಕಿತ್ಸೆ, ನಿಗಾ ಬೇರೆ ಬೇರೆ. ಕಣ್ಣಂದಾಜಿಗೆ ಜೆಲ್ ಬರೆದು ಕಳುಹಿಸುವಂಥ ಕಾಯಿಲೆಗಳಲ್ಲ ಇವು.

ಚಿಕಿತ್ಸೆಯ ಬಗ್ಗೆ ಆ ವಿಭಾಗ ನಡೆದುಕೊಂಡ ರೀತಿಯೂ ನನಗೆ ಮೆಚ್ಚುಗೆಯಾಯಿತು. ಎಲ್ಲವನ್ನೂ ತಾವೇ ಇಟ್ಟುಕೊಳ್ಳಲಿಲ್ಲ. ಪಕ್ಕದ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಪತ್ರ ಬರೆದು, ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಕಳುಹಿಸಿದರು. ರಕ್ಷಣಾ ವ್ಯವಸ್ಥೆಯ ಈ ದಾಳಿಯನ್ನು ತಗ್ಗಿಸುವ ಸ್ಟೀರಾಯ್ಡ್ ಶುರು ಮಾಡುವ ಮೊದಲು ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ, ಕ್ಷಯ ಇದೆಯೇ ಎಂದು ಎದೆಯ ಎಕ್ಸ್‌ರೇ ಎಲ್ಲ ಆದವು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಅದನ್ನು ಮುಂದೆ ಇಳಿಸಲು ಅನುಕೂಲವಾಗುವಂತೆ ಅಜಾಥಯೊಪ್ರಿನ್, ಮೂಳೆಗೆ ಕ್ಯಾಲ್ಸಿಯಂ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಬಾಯಿಯಲ್ಲಿ ಬಿಳಿ ಶಿಲೀಂಧ್ರ ಬೆಳೆಯುವುದುಂಟು, ಅತ್ತೆಯವರಿಗೂ ಬಂತು. ಅದಕ್ಕೆ ಹಚ್ಚುವ ಮದ್ದು, ಮೃದುವಾದ ಬ್ರಷ್, ವಸಡಿಗೆ ನೋವಾಗದಂತೆ ಹಲ್ಲು ಶುಚಿ ಮಾಡುವ ಕೆಲಸ ಮತ್ತೆ ದಂತ ಕಾಲೇಜಿನಲ್ಲೇ. ಸ್ಟೀರಾಯ್ಡ್ ಬರುವ ಮೊದಲಿನ ಕಾಲದಲ್ಲಿ ಈ ರೋಗ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲವಂತೆ. ತೀವ್ರವಾದಾಗ ಕೊಡುವ ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ರೋಗಕ್ಕೆಂದೇ ಒಪ್ಪಿಗೆ ಕೊಟ್ಟಿದೆ. ಅತ್ತೆಯವರಿಗೆ ಅದು ಬೇಕಾಗಲಿಲ್ಲ.

ಗಡಿಯವರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದದ್ದನ್ನು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತದ್ದನ್ನು ಕಾಸರಗೋಡಿನ ಯಾರೂ ಮರೆತಿಲ್ಲ. ನಾನು ಅದನ್ನೇ ಹೇಳಿ, ನಮ್ಮ ಊರಿನ ವೈದ್ಯರಿಗೆ ಒಂದು ಪತ್ರ ಬೇಕೆಂದು ಕೇಳಿದೆ. ರೋಗದ ಹೆಸರು, ಮಾತ್ರೆಯ ಪ್ರಮಾಣ, ಇಳಿಸುವ ಕ್ರಮ, ಯಾವ ರಕ್ತ ಪರೀಕ್ಷೆ ಯಾವಾಗ, ಏನಾದರೆ ತಕ್ಷಣ ಕಳುಹಿಸಬೇಕು ಎಲ್ಲವನ್ನೂ ಬರೆದ ಪತ್ರ ಅದೇ ಮಧ್ಯಾಹ್ನ ಕೈಗೆ ಬಂತು. ಈಗ ತಿಂಗಳ ರಕ್ತ ಪರೀಕ್ಷೆ ಬದಿಯಡ್ಕದಲ್ಲೇ ನಡೆಯುತ್ತದೆ. ದೂರದ ಆಸ್ಪತ್ರೆಯಲ್ಲಿ ದೀರ್ಘ ಕಾಲದ ಚಿಕಿತ್ಸೆ ಪಡೆಯುವವರು ಈ ಪತ್ರವನ್ನು ಕೇಳಿಯೇ ಪಡೆಯಬೇಕು. ಕೇಳದಿದ್ದರೆ ಕೊಡುವ ರೂಢಿ ಅಲ್ಲಿಯೂ ಇಲ್ಲ.

ಕಾಯುವ ಬೆಂಚಿನಲ್ಲಿ ಸಿಕ್ಕವರಿಂದಲೂ ಆ ವಿಭಾಗದ ಕೆಲಸ ಎಷ್ಟು ದೊಡ್ಡದೆಂದು ತಿಳಿಯಿತು. ಉಪ್ಪಳದ ಕಡೆಯ ಒಬ್ಬ ತಂದೆ ಕಾಲೇಜಿಗೆ ಹೋಗುವ ಮಗನೊಂದಿಗೆ ಬಂದಿದ್ದರು. ಬುದ್ಧಿಹಲ್ಲು ನೋವೆಂದು ಇಡೀ ದವಡೆಯ ಎಕ್ಸ್‌ರೇ ತೆಗೆಸಿದಾಗ, ಕೊನೆಯ ಹಲ್ಲಿನಿಂದ ದವಡೆಯ ಮೇಲ್ಗಡೆಯವರೆಗೆ ಎಲುಬು ಟೊಳ್ಳಾಗಿರುವುದು ಕಂಡಿತಂತೆ. ಮುಖದಲ್ಲಿ ಬಾವೇ ಇಲ್ಲ! ಓಡಾಂಟೊಜೆನಿಕ್ ಕೆರಾಟೊಸಿಸ್ಟ್ ಎಂಬ ಚೀಲ ಅದು. ಎಲುಬಿನ ಒಳಗೇ ಉದ್ದಕ್ಕೆ ಬೆಳೆಯುವುದರಿಂದ ಹೊರಗೆ ಊದಿಕೊಳ್ಳುವ ಹೊತ್ತಿಗೆ ಬಹಳ ದೊಡ್ಡದಾಗಿರುತ್ತದೆ, ತೆಗೆದ ಮೇಲೂ ಮರುಕಳಿಸುವ ಸ್ವಭಾವ ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಸಾಲಿಗೆ ಸೇರಿಸಿ, 2017ರಲ್ಲಿ ಮತ್ತೆ ಚೀಲಗಳ ಸಾಲಿಗೆ ತಂದಿತು. ಅಷ್ಟು ತೊಡಕಿನ ಕಾಯಿಲೆ. ಹುಡುಗನ ದವಡೆ ಕೊಯ್ಯದೆ, ಚೀಲಕ್ಕೆ ಸಣ್ಣ ಕಿಂಡಿ ಮಾಡಿ ಕೊಳವೆ ಇಟ್ಟಿದ್ದರು. ದಿನವೂ ಮನೆಯಲ್ಲಿ ಸಿರಿಂಜಿನಿಂದ ಉಪ್ಪುನೀರು ಬಿಟ್ಟು ತೊಳೆಯಬೇಕು. ಚೀಲ ಕುಗ್ಗಿ ಎಲುಬು ತುಂಬಿಕೊಂಡ ಮೇಲೆ ಉಳಿದದ್ದನ್ನು ತೆಗೆಯುತ್ತಾರೆ, ಆಮೇಲೂ ವರ್ಷಗಟ್ಟಲೆ ಎಕ್ಸ್‌ರೇ ತೆಗೆಸುತ್ತಿರಬೇಕು. ತಂದೆಗೆ ಇದೆಲ್ಲ ಬಾಯಿಪಾಠವಾಗಿತ್ತು. ಯಾರೋ ಅವರಿಗೆ ತಾಳ್ಮೆಯಿಂದ ವಿವರಿಸಿದ್ದಾರೆ ಎಂದರ್ಥ.

ಅದೇ ಬೆಂಚಿನಲ್ಲಿ ಬಾಯಿ ತೆರೆಯಲಾಗದವರೂ ಇದ್ದರು, ಹಲವರು. ಕೆನ್ನೆಯ ಒಳಗೆ ನಾರು ಗಟ್ಟಿಯಾಗಿ ಎರಡು ಬೆರಳೂ ಹೋಗದ ಬಾಯಿ. ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದು ನಮ್ಮ ನಾಡಿನಲ್ಲಿ ಅಪರೂಪವಲ್ಲ, ಆಗಿದ್ದರೆ ಒಳ್ಳೆಯದಿತ್ತು. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಮಾರಿ ಮಕ್ಕಳನ್ನು ಓದಿಸಿದ ಮನೆ ನಮ್ಮದು. ನಮ್ಮಂಥವರಿಗೆ ಈ ಮಾತು ಕೇಳುವುದು ಸುಲಭವಲ್ಲ, ಬರೆಯುವುದೂ ಅಲ್ಲ. ಆದರೂ ಆ ಬೆಂಚಿನಲ್ಲಿ ಕುಳಿತ ಹುಡುಗರ ವಯಸ್ಸು ನೋಡಿದ ಮೇಲೆ ಬರೆಯದೆ ಇರಲಾರೆ. ಅತ್ತೆಯವರ ರೋಗಕ್ಕೆ ಅಡಿಕೆ ಕಾರಣವಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಆದರೆ ಎಲೆಯಡಿಕೆ ಬಿಡಲೇಬೇಕೆಂದರು, ಅತ್ತೆಯವರು ಬಿಟ್ಟರು.

ಇನ್ನು ಕುಂದುಗಳು. ನೋಂದಣಿಯ ಸಾಲು ಒಂದೇ. ಹಲ್ಲು ಶುಚಿಗೆ ಬಂದವರೂ ಬಾಯಿಂದ ರಕ್ತ ಸೋರುವವರೂ ಒಟ್ಟಿಗೆ ನಿಲ್ಲಬೇಕು. ತೀರಾ ನೋವಿರುವವರಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ಕಲಿಕೆಯ ಆಸ್ಪತ್ರೆಯಾದ್ದರಿಂದ ಒಬ್ಬರ ನಂತರ ಒಬ್ಬರು ಬಾಯಿ ತೆರೆಸಿ ನೋಡುತ್ತಾರೆ. ಅತ್ತೆಯವರಿಗೆ ತುಟಿ ಎಳೆದರೂ ನೋವಾಗುತ್ತಿದ್ದ ದಿನ, ಸಾಕು ಎಂದು ನಾನೇ ತಡೆಯಬೇಕಾಯಿತು. ತಡೆದಾಗ ಬೇಸರಿಸದೆ ನಿಲ್ಲಿಸಿದರು ಎಂಬುದನ್ನೂ ಹೇಳಬೇಕು. ಹೊರರಾಜ್ಯದ ಕಿರಿಯ ವೈದ್ಯರಿಗೆ ಕನ್ನಡವೂ ಮಲಯಾಳವೂ ಬಾರದು. ನರ್ಸ್ ತುಳುವಿನಲ್ಲಿ ಕೇಳಿ ಹಿಂದಿಯಲ್ಲಿ ಹೇಳಿ ಸೇತುವೆಯಾದರು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡುವವರು ಮಾತ್ರೆ ತೆಗೆದುಕೊಳ್ಳುವ ಕ್ರಮವನ್ನು ಮಾತ್ರ ಇಂಗ್ಲಿಷಿನಲ್ಲಿ ಏಕೆ ಬರೆಯುತ್ತಾರೆ? ಮೆಟ್ಟಿಲೂ ಜಾಸ್ತಿ, ಲಿಫ್ಟ್ ಮುಂದೆ ಸದಾ ಜನ.

ಖರ್ಚು ನಾವು ಹೆದರಿದಷ್ಟಿಲ್ಲ. ಹೊರರೋಗಿ ಚೀಟಿ, ಬಾಯಿಯ ಪರೀಕ್ಷೆ, ಸಾಮಾನ್ಯ ಬಯಾಪ್ಸಿ ಇವಕ್ಕೆ ಖಾಸಗಿ ಕ್ಲಿನಿಕ್ಕುಗಳಲ್ಲಿ ನಾವು ಮೊದಲು ಸುರಿದದ್ದಕ್ಕಿಂತ ಕಡಿಮೆಯೇ ಆಯಿತು. ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಯನ್ನು ಹೊರಗೆ ಕಳುಹಿಸುತ್ತಾರೆ, ಅದು ದುಬಾರಿ. ಎಷ್ಟಾಗುತ್ತದೆ ಎಂದು ಮೊದಲೇ ಹೇಳಿ, ಒಪ್ಪಿದ ಮೇಲೆಯೇ ಕಳುಹಿಸಿದರು. ಕೇರಳದ ಆರೋಗ್ಯ ಕಾರ್ಡ್ ಹೊರರೋಗಿ ಪರೀಕ್ಷೆಗಳಿಗೆ ನಮಗೆ ಒದಗಲಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಅತ್ತೆಯವರ ಬಾಯಿಯ ಹುಣ್ಣುಗಳು ಒಂದೊಂದಾಗಿ ಮುಚ್ಚಿವೆ. ಸ್ಟೀರಾಯ್ಡ್ ಪ್ರಮಾಣ ಇಳಿಯುತ್ತಾ ಬಂದಿದೆ, ಪೂರ್ತಿ ನಿಂತಿಲ್ಲ. ಮುಖ ಸ್ವಲ್ಪ ಊದಿಕೊಂಡಿದೆ, ಸಕ್ಕರೆ ಏರಿತ್ತು, ಈಗ ಹತೋಟಿಯಲ್ಲಿದೆ. ರೋಗ ಮರಳಿ ಬರಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಹಪ್ಪಳ, ಸಂಡಿಗೆ ಇನ್ನೂ ಬೇಡ; ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿಯ ರಸ ನೆಕ್ಕುವಷ್ಟಕ್ಕೆ ಬಂದಿದ್ದಾರೆ.

ಹೋಗುವವರಿಗೆ: ಎರಡು ವಾರ ದಾಟಿದರೂ ಮಾಯದ ಹುಣ್ಣು, ಸುಲಿಯುವ ವಸಡು, ಕಾರಣವಿಲ್ಲದೆ ಜೋಮು ಹಿಡಿದ ತುಟಿ, ಹುಳುಕಿಲ್ಲದಿದ್ದರೂ ಅಲುಗಾಡುವ ಹಲ್ಲು, ದಿನೇ ದಿನೇ ಕಿರಿದಾಗುವ ಬಾಯಿ ಇವುಗಳಲ್ಲಿ ಯಾವುದಿದ್ದರೂ ನೋಂದಣಿಯಲ್ಲಿ ಹಲ್ಲು ನೋವು ಎನ್ನಬೇಡಿ, ಇದ್ದದ್ದನ್ನೇ ಹೇಳಿ ಓರಲ್ ಮೆಡಿಸಿನ್ ಪ್ರಾಧ್ಯಾಪಕರನ್ನು ಕಾಣಬೇಕೆಂದು ಕೇಳಿ. ಕಾಸರಗೋಡಿನಿಂದ ಮಂಗಳೂರಿನ ಮೊದಲ ಬಸ್ಸುಗಳಲ್ಲೇ ಹೊರಡಿ; ತಡವಾದರೆ ಬಯಾಪ್ಸಿ ಇನ್ನೊಂದು ದಿನಕ್ಕೆ ಹೋಗುತ್ತದೆ. ತಿಂಡಿ ತಿಂದೇ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸದೆ ಮೊದಲೇ ತಿಳಿಸಿ. ಈ ಹಿಂದೆ ಎಲ್ಲಾದರೂ ಬಯಾಪ್ಸಿ ಆಗಿದ್ದರೆ ವರದಿಯ ಹಾಳೆ ಮಾತ್ರವಲ್ಲ, ಆ ಪ್ರಯೋಗಾಲಯದಿಂದ ಗಾಜಿನ ಪಟ್ಟಿ ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಅಚ್ಚನ್ನೂ ಕೇಳಿ ಪಡೆದು ಒಯ್ಯಿರಿ. ಓರಲ್ ಪೆಥಾಲಜಿಯವರು ಅದನ್ನು ಮತ್ತೆ ನೋಡಿ ಹೇಳುತ್ತಾರೆ.